ತವರಿನಿಂದ ಬಂದ ಹಲ್ಲಿ

ಹಲ್ಲಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾನು ಚಹಾ ಕೂಡ ಕೊಡದೆ ಕಳಿಸಿದವಳು. ನನ್ನ ಹೆಸರು ಚಂದಮ್ಮ, ವಯಸ್ಸು ಅರವತ್ತೆರಡು, ತವರು ಸುಲೇಪೇಟ. ನಮ್ಮವ್ವ ತೊಗರಿ ಬಿತ್ತುವುದರಿಂದ ಹಿಡಿದು ಹೆಣ್ಣು ಕೊಡುವವರೆಗೆ ಎಲ್ಲವನ್ನೂ ಹಲ್ಲಿಯ ನುಡಿ ಕೇಳಿಯೇ ಮಾಡಿದಳು. ಮಾತು ಆಡಿ ಮುಗಿಸಿದ ಕೂಡಲೇ ಗೋಡೆಯಿಂದ 'ಲೊಚ್' ಎಂದು ಹಲ್ಲಿ ನುಡಿಯಿತೆಂದರೆ ಆ ಮಾತು ಸತ್ಯ. ಬೆರಳು ಮಡಚಿ ಗೆಣ್ಣಿನಿಂದ ನೆಲವನ್ನು ಮೂರು ಸಲ ತಟ್ಟಿ 'ಖರೇ ಅದ, ಶಿವಾ' ಎನ್ನಬೇಕು, ಅಲ್ಲಿಗೆ ಮುಗಿಯಿತು. ಹಲ್ಲಿ ನುಡಿದ ಮೇಲೆ ಮಾತು ತಿರುಗಿಸಿದವರು ಉದ್ಧಾರವಾದದ್ದನ್ನು ನಾನಂತೂ ಕಂಡಿರಲಿಲ್ಲ.

ಮದುವೆಯಾಗಿ ಶಹಾಬಾದಕ್ಕೆ ಬಂದ ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಅತ್ತೆಗೆ 'ಇವತ್ತಿನಿಂದ ರೊಟ್ಟಿ ನಾನ ಬಡೀತೀನ್ರಿ' ಎಂದೆ. ಎಲ್ಲಿಂದಲೋ 'ಲೊಚ್' ಎಂದಿತು. ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ 'ಸೊಸಿ ತವರಮನಿಯಿಂದ ಹಲ್ಲಿನೂ ತಂದಾಳ ನೋಡ್ರಿ' ಎಂದು ನಕ್ಕಳು. ನನಗೆ ಹೆಮ್ಮೆಯೇ ಆಯಿತು. ನಮ್ಮದು ಪರ್ಸಿ ಎನ್ನುವ ಚಪ್ಪಡಿ ಕಲ್ಲಿನ ಮನೆ. ನೆಲಕ್ಕೂ ಪರ್ಸಿ, ಗೋಡೆಗೂ ಪರ್ಸಿ, ಮಾಡಿಗೂ ಪರ್ಸಿ. ಸಂದಿಗೊಂದು ಹಲ್ಲಿ ಇದ್ದೇ ಇರುತ್ತದೆ ಎಂದುಕೊಂಡೆ.

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಅವರಿಗೆ ಹೇಗೂ ಕೇಳಿಸುವುದಿಲ್ಲ, ಹೇಳಿಬಿಡುತ್ತೇನೆ: ಅಂಬಾರಾಯ. ಕಲ್ಲು ಕೊಯ್ಯುವ ಮಷೀನಿನ ಮುಂದೆ ಮೂವತ್ತು ವರ್ಷ ನಿಂತು ಎರಡೂ ಕಿವಿ ಕಳಕೊಂಡವರು. 'ಲಿಂಗ ಕಟ್ಟಿದವರಿಗಿ ಶಕುನ ಯಾಕ ಬೇಕು?' ಎಂದು ಆಗಾಗ ಗೊಣಗುತ್ತಾರೆ. ನಾನು ಉತ್ತರ ಕೊಟ್ಟರೂ ಅವರಿಗೆ ಮುಟ್ಟದು. ಮಗ ಅಶೋಕಕುಮಾರ ಈಗ ಅದೇ ಕಲ್ಲಿನ ಕಾರ್ಖಾನೆಯಲ್ಲಿ ಪಾಲಿಶ್ ಮಷೀನು ನಡೆಸುತ್ತಾನೆ. ಸೊಸೆ ಭಾಗ್ಯಜ್ಯೋತಿ ಚಿತ್ತಾಪುರದವಳು. ಅವರಿಗೆ ಒಬ್ಬಳೇ ಮಗಳು ಬಸವೇಶ್ವರಿ, ಎಂಟು ವರ್ಷದವಳು. ಮನೆಯಲ್ಲಿ ಬಸ್ಸಿ. ಈ ಬಸ್ಸಿ ಎಲ್ಲಿಗಿ ಹೊಂಟದ ಎಂದು ಕೇಳಿದರೆ 'ಆಯಿ ತೊಡಿ ಮ್ಯಾಲ' ಎಂದು ಓಡಿಬಂದು ಕೂರುವವಳು. ಆ ಮಗು ನನ್ನ ಜೀವ.

ದಸರೆ ರಜೆ ಮುಗಿದ ವಾರ ಬಸ್ಸಿ ಕಣ್ಣು ಪಿಳುಕಿಸತೊಡಗಿದಳು. ಒಂದೇ ಸಮನೆ, ಬಿಗಿಯಾಗಿ. ಕಲ್ಲಿನ ಧೂಳು ಬಿದ್ದಿರಬೇಕೆಂದು ತಣ್ಣೀರು ಹಾಕಿ ತೊಳೆದೆ. ಹದಿನೈದು ದಿನಕ್ಕೆ ಗಂಟಲಲ್ಲಿ 'ಉಂಹ್, ಉಂಹ್' ಎನ್ನುವ ಸದ್ದು ಶುರುವಾಯಿತು. ಶಾಲೆಯಿಂದ ಚೀಟಿ ಬಂತು: ನಿಮ್ಮ ಹುಡುಗಿ ಪಾಠದ ನಡುವೆ ಬೇಕೆಂದೇ ಸದ್ದು ಮಾಡುತ್ತಾಳೆ. ಬೈದೆ. ಹೆಚ್ಚಾಯಿತು. ಕಿವಿ ಹಿಂಡಿದೆ. ಇನ್ನೂ ಹೆಚ್ಚಾಯಿತು. ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದೆ. ಬಸ್ಸಿ ಎದುರಿಗೆ ಕುಳಿತು ತಾಯಿಯ ಕೈಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅವಳ ಬಲ ಹೆಗಲು ತಟಕ್ಕನೆ ಕಿವಿಯವರೆಗೆ ಹಾರಿ ಇಳಿಯಿತು. ಮತ್ತೆ ಹಾರಿತು. ನನ್ನ ಕೈಯಲ್ಲಿದ್ದ ಮೊರ ಓರೆಯಾಗಿ ಬೇಳೆಯೆಲ್ಲ ಕಲ್ಲಿನ ಮೇಲೆ ಚೆಲ್ಲಿತು.

ಆ ಹೆಗಲನ್ನು ನಾನು ಮೊದಲೇ ನೋಡಿದ್ದೆ.

ನನಗೆ ಒಬ್ಬ ತಂಗಿ ಇದ್ದಳು, ಮಹಾನಂದಾ. ನನಗಿಂತ ಮೂರು ವರ್ಷ ಚಿಕ್ಕವಳು. ಈ ಮನೆಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ, ನಾನೇ ಹೇಳಿರಲಿಲ್ಲ. ಒಂಬತ್ತನೆಯ ವಯಸ್ಸಿಗೆ ಅವಳಿಗೂ ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಹೆಗಲು. ಓಣಿಯ ಮಕ್ಕಳು ಅವಳ ಹಿಂದೆ ಸಾಲಾಗಿ ಹೆಗಲು ಹಾರಿಸುತ್ತ ನಡೆಯುತ್ತಿದ್ದರು. ಅವ್ವ ಒಂದು ಅಮಾವಾಸ್ಯೆಯ ದಿನ ನಮ್ಮಿಬ್ಬರನ್ನೂ ಕರೆದುಕೊಂಡು ಸುಲೇಪೇಟದಿಂದ ಎರಡು ಹರದಾರಿ ಆಚೆಯ ಹಳ್ಳಿಗೆ ನಡೆದಳು. ಅಲ್ಲಿ ಬರೆ ಹಾಕುವ ಮುದುಕಿ ಇದ್ದಳು. ಕಬ್ಬಿಣದ ಕಡ್ಡಿಯನ್ನು ಕೆಂಪಗೆ ಕಾಯಿಸಿ ಕತ್ತಿನ ಹಿಂದೆ, ಹೆಗಲ ಮೇಲೆ ಸುಡುವುದು. ಕಾಮಾಲೆಗೂ ಬರೆ, ಬಾಲಗ್ರಹಕ್ಕೂ ಬರೆ, ಆ ಕಾಲದಲ್ಲಿ ನಮ್ಮ ಕಡೆ ಎಲ್ಲದಕ್ಕೂ ಬರೆ.

ಮುದುಕಿಯ ಅಂಗಳದಲ್ಲಿ ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಮಹಾನಂದಾಳನ್ನು ಬೋರಲು ಮಲಗಿಸಿದರು. ನಾನು ಕಾಲು ಹಿಡಿದುಕೊಂಡೆ. ಮುದುಕಿ ಅವ್ವನ ಕಡೆ ತಿರುಗಿ 'ಹಾಕ್ಲೇನವ್ವಾ?' ಎಂದು ಕೇಳಿದಳು. ಅವ್ವನಿಗೆ ಮಾತು ಬರಲಿಲ್ಲ. ಅಳು ಹೊರಗೆ ಬರಬಾರದೆಂದು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಆ ಗಳಿಗೆಗೆ ಸರಿಯಾಗಿ ಹಲ್ಲಿ 'ಲೊಚ್' ಎಂದು ನುಡಿಯಿತು. ಬೇವಿನ ಮರದಲ್ಲಿತ್ತೆಂದು ಎಲ್ಲರೂ ಅಂದರು. ಮುದುಕಿ ನೆಲ ತಟ್ಟಿದಳು. ಕಡ್ಡಿ ಎತ್ತಿದಳು.

ಸಂಜೆಯವರೆಗೆ ಹುಡುಗಿಗೆ ನೀರು ಕೊಡಬಾರದು ಎಂದು ಮುದುಕಿ ಪಥ್ಯ ಹೇಳಿದ್ದಳು. ಹಿಂದಿರುಗುವಾಗ ಹಳ್ಳ ದಾಟುತ್ತ ಮಹಾನಂದಾ 'ಅಕ್ಕಾ, ನೀರು' ಎಂದಳು. ಅವ್ವ ಮುಂದೆ ಹೋಗಿದ್ದಳು. ನಾನು ಎರಡೂ ಕೈ ಕೂಡಿಸಿ ಒಂದು ಬೊಗಸೆ ಕುಡಿಸಿದೆ. ಎಂಟನೆಯ ದಿನ ಅವಳ ದವಡೆ ಬಿಗಿಯಿತು. ಮೈ ಬಿಲ್ಲಿನ ಹಾಗೆ ಬಾಗಿತು. ಹೆಗಲು ಹಾರುವುದು ನಿಂತಿದೆ ನೋಡು ಎಂದು ಓಣಿಯವಳೊಬ್ಬಳು ಅವ್ವನಿಗೆ ಸಮಾಧಾನ ಹೇಳಿದಳು. ಒಂಬತ್ತನೆಯ ದಿನ ಹೋದಳು. 'ನೀರ ಕುಡಿಸಿದ್ದೇನು?' ಎಂದು ಅವ್ವ ಕೇಳಿದಳು. ಹೌದೆಂದೆ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಸಾಯುವವರೆಗೂ ನನ್ನ ಕೈಯಿಂದ ಮಾತ್ರ ನೀರು ಇಸಿದುಕೊಳ್ಳಲಿಲ್ಲ.

ಐವತ್ತು ವರ್ಷ ಆ ಬೊಗಸೆ ನೀರನ್ನು ಹೊತ್ತು ತಿರುಗಿದ್ದೇನೆ. ತಪ್ಪು ಬರೆಯದಲ್ಲ, ಪಥ್ಯದ್ದು. ಹಲ್ಲಿ ನುಡಿದಿತ್ತಲ್ಲ? ಬಸ್ಸಿಯ ಹೆಗಲು ಹಾರಿದ್ದನ್ನು ಕಂಡ ದಿನವೇ ನಾನು ನಿಶ್ಚಯಿಸಿದೆ: ಇವಳಿಗೆ ಬರೆ ಹಾಕಿಸಬೇಕು, ಈ ಸಲ ಒಂದು ಹನಿ ನೀರು ಕೊಡಬಾರದು. ಈ ಮಗುವನ್ನು ನಾನು ಕಳಕೊಳ್ಳಲಾರೆ.

ಭಾಗ್ಯಜ್ಯೋತಿ ಕೇಳಬೇಕಲ್ಲ! ಅವಳು ನನಗೆ ಹೇಳದೆಯೇ ನಗ್ಮಾಳನ್ನು ಮನೆಗೆ ಕರೆದಳು. ನಗ್ಮಾ ನಮ್ಮ ಪಕ್ಕದ ಮನೆಯ ಕಮರುನ್ನೀಸಾಳ ಮಗಳು, ಕಲಬುರಗಿಯಲ್ಲಿ ಮಕ್ಕಳ ಡಾಕ್ಟರು. ಸಣ್ಣವಳಿದ್ದಾಗ ಮೂಗು ಸುರಿಸಿಕೊಂಡು ನಮ್ಮ ಕಟ್ಟೆಯ ಮೇಲೆ ಆಡಿದವಳು. ಬಸ್ಸಿಯನ್ನು ಅರ್ಧ ತಾಸು ಮಾತಾಡಿಸಿದಳು, ನಗಿಸಿದಳು, ಚಿತ್ರ ಬರೆಸಿದಳು. ಚಿತ್ರ ಬರೆಯುವಷ್ಟು ಹೊತ್ತು ಬಸ್ಸಿಯ ಹೆಗಲು ಒಂದು ಸಲವೂ ಹಾರಲಿಲ್ಲ.

'ಕಾಕಿ, ಇದಕ್ಕ ಟಿಕ್ ಅಂತಾರ್ರಿ,' ಎಂದಳು ನಗ್ಮಾ.

'ಏನವಾ ಅದು, ಗಡಿಯಾರದ ಬ್ಯಾನಿ?' ಎಂದೆ.

ಅವಳು ನಕ್ಕಳು. 'ಅಂಜೂದೇನಿಲ್ರಿ. ಕೂಸು ಬೇಕಂತ ಮಾಡಂಗಿಲ್ಲ. ಸೀನು ಬಂದಂಗ ಒಳಗಿಂದ ಬರ್ತದ, ಒಂದೀಟ ತಡೀಬಹುದು, ಆಮ್ಯಾಲ ಆಗಂಗಿಲ್ಲ. ಬೈದಷ್ಟು ಜಾಸ್ತಿ ಆಗ್ತದ. ಭಾಳ ಮಕ್ಕಳಿಗಿ ದೊಡ್ಡವರಾಗೂದ್ರಾಗ ತಾನ ಕಡಿಮಿ ಆಗ್ತದ್ರಿ. ಬಿಡ್ಲಿಲ್ಲಂದ್ರ ಕಲಬುರಗಿಗಿ ಕರ್ಕೊಂಬರ್ರಿ, ತಡಿಯೂದು ಹ್ಯಾಂಗಂತ ಕಲಸ್ತಾರ.'

'ಬಂದದ್ದು ಎಲ್ಲಿಂದ ಅದನ್ನ ಹೇಳು.'

'ಮನಿತನದಾಗ ಇಳ್ಕೊಂತ ಬರ್ತದ್ರಿ. ಒಂದ ಥರ ಇರಬೇಕಂತೇನಿಲ್ಲ. ಮುತ್ಯಾಗ ಕಣ್ಣಾಗ ಇದ್ರ, ಮಗಳಿಗಿ ಹೆಗಲಾಗ, ಮೊಮ್ಮಗಳಿಗಿ ಬಾಯಾಗ ಸಪ್ಪಳ. ಒಬ್ಬಾಕಿನ್ನ ಬಿಟ್ಟು ಇನ್ನೊಬ್ಬಾಕಿಗಿ ಬರಬಹುದು. ಕೆಲವರಿಗಂತೂ ತಮಗ ಅದ ಅನ್ನೂದೇ ಗೊತ್ತಿರಂಗಿಲ್ಲ. ನಿಮ್ಮ ಕಡಿ ಯಾರಿಗರೆ ಇತ್ತೇನ್ರಿ ಕಾಕಿ?'

'ನಮ್ಮ ಕಡಿ ಯಾರಿಗಿ ಇಲ್ಲ,' ಎಂದೆ. 'ಇದು ಚಿತ್ತಾಪುರದ್ದು. ನೂಲಿನಂಗ ಸೀರಿ, ತಾಯಿಯಂಗ ಮಗಳು. ಇವಳಪ್ಪ ಕುಂತಲ್ಲಿ ಕಾಲ ಅಳ್ಳಾಡಸ್ತಾನ, ನಾನ ನೋಡೀನಿ.'

'ಲೊಚ್' ಎಂದು ಹಲ್ಲಿ ನುಡಿಯಿತು. ನಾನು ನೆಲ ತಟ್ಟಿದೆ. 'ಕೇಳಿದಿ? ಖರೇ ಅದ, ಶಿವಾ.'

ನಗ್ಮಾ ಗೋಡೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. 'ಕಾಕಿ, ನೀವು...' ಎಂದು ಶುರು ಮಾಡಿದವಳನ್ನು ನಾನು ಮುಗಿಸಲು ಬಿಡಲಿಲ್ಲ. ಹಾಲು ಉಕ್ಕುತ್ತದೆ ಎಂದು ಎದ್ದೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಭಾಗ್ಯಜ್ಯೋತಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: 'ಬರಿ ಮಾತ್ರ ಹಾಕಸಬ್ಯಾಡ್ರಿ ಅಕ್ಕಾ. ಆ ಗಾಯ ಕೆಟ್ಟರ ದವಡಿ ಬಿಗಿದು ಕೂಸು ಹೋಗ್ತದ.' ಗಾಯದಿಂದಲೋ, ನೀರಿನಿಂದ ಅಲ್ಲವೋ ಎಂದು ಕೂಗಿ ಕೇಳಬೇಕೆನಿಸಿತು. ಕೇಳಲಿಲ್ಲ. ಹಾಲು ನಿಜವಾಗಿಯೂ ಉಕ್ಕಿಹೋಗಿತ್ತು.

ಆ ವಾರವೆಲ್ಲ ಮನೆಯಲ್ಲಿ ಯುದ್ಧ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಿದ್ದೆವು.

'ಅತ್ತಿ, ಡಾಕ್ಟರು ಬ್ಯಾಡ ಅಂದಾರ್ರಿ,' ಎಂದಳು ಭಾಗ್ಯಜ್ಯೋತಿ. 'ಸುಡೂದಂದ್ರ ಏನ್ರಿ? ಎಂಟು ವರ್ಷದ ಕೂಸು.'

'ನಿನ್ನ ತವರಿನ ಕೊಳಿ ನಾ ತೊಳ್ಯಾಕತ್ತೀನಿ, ಮ್ಯಾಲ ನನಗೇ ಮಾತ ಹೇಳ್ತಿ?' ನನ್ನ ಸಿಟ್ಟು ನೆತ್ತಿಗೇರಿತ್ತು. 'ಅಮಾಸಿಗಿ ಬರಿ ಬಿದ್ರ ಬಸ್ಸಿ ಉಳೀತಾಳ. ಇಲ್ಲಂದ್ರ ಇಲ್ಲ.'

'ಲೊಚ್.'

ಅಶೋಕಕುಮಾರ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನೆಲ ತಟ್ಟಿದ. ಬಸ್ಸಿಯೂ ತಟ್ಟಿದಳು. ಅವಳಿಗೆ ಅದು ಆಟ, ನಾನೇ ಕಲಿಸಿದ್ದು. ಭಾಗ್ಯಜ್ಯೋತಿ ತಟ್ಟಲಿಲ್ಲ. ಗಂಡನ ಮುಖವನ್ನು ನೋಡಿ 'ನೀವರೆ ಹೇಳ್ರಲ್ಲ,' ಎಂದಳು. 'ನಿಮಗೂ ಗೊತ್ತದ.' ಅಶೋಕ ತಲೆ ತಗ್ಗಿಸಿ 'ಅವ್ವ ಅಂದಂಗ ಆಗ್ಲಿ' ಎಂದ. ಏನು ಗೊತ್ತು ಎಂದು ನಾನು ಕೇಳಲಿಲ್ಲ. ಗೆದ್ದವರು ಕೇಳುವುದಿಲ್ಲ. ನಮ್ಮವರು ಮಾತ್ರ, ನಾವು ನೆಲ ತಟ್ಟಿದ್ದನ್ನು ಕಂಡು, ಕಿವುಡರ ದೊಡ್ಡ ದನಿಯಲ್ಲಿ ಅಂದರು: 'ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾ ಹೋಗಿ ಮುಸುರಿ ಬಾನ್ಯಾಗ ಬಿತ್ತಂತ!'

ಅಮಾವಾಸ್ಯೆಯ ಬೆಳಿಗ್ಗೆ ಆ ಬರೆಯ ಹಳ್ಳಿಗೆಂದು ಸೇಡಂ ಬಸ್ಸು ಹಿಡಿದೆವು. 'ನನ್ನ ಬಿಟ್ಟು ಕೂಸಿನ್ನ ಎಲ್ಲಿಗೂ ಕಳಸಂಗಿಲ್ಲ' ಎಂದು ಭಾಗ್ಯಜ್ಯೋತಿಯೂ ಬಂದಳು. ಬಸ್ಸಿಯ ಶಾಲೆಯ ನೀರಿನ ಬಾಟಲಿ ತುಂಬಿ ತಂದಿದ್ದಳು. ಅದನ್ನು ಕಸಿದು ನನ್ನ ಚೀಲದ ತಳಕ್ಕೆ ಹಾಕಿದೆ. ಮಳಖೇಡ ದಾಟುವಾಗ ಸಿಮೆಂಟಿನ ಬೂದಿ ಕಿಟಕಿಯಿಂದ ಒಳಗೆ ಬರುತ್ತಿತ್ತು. ಬಸ್ಸಿ ಒಂದೇ ಸಮನೆ ಹೆಗಲು ಹಾರಿಸುತ್ತಿದ್ದಳು. ಹೆದರಿಕೆಗೆ ಅದು ಜೋರಾಗಿತ್ತು. ಎದುರಿನ ಸೀಟಿನ ಹೆಂಗಸು ತನ್ನ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ಆ ಕಡೆ ತಿರುಗಿಸಿದಳು. ನೋಡಿ ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆಂದು ತಿಳಿಯದ ಸಿಟ್ಟು.

ಸೇಡಂನಲ್ಲಿ ಸುಲೇಪೇಟದ ಬಸ್ಸು ಹತ್ತಿದೆವು. 'ಆಯಿ, ಬರಿ ಅಂದ್ರ ಏನು?' ಎಂದು ಬಸ್ಸಿ ಕೇಳಿದಳು.

'ಮುದ್ರಿ ಹಾಕ್ತಾರವ್ವಾ. ಇರಿವಿ ಕಡಿದಂಗ ಆಗ್ತದ, ಅಷ್ಟ.'

'ಲೊಚ್.'

ಬಸ್ಸಿ ಮುಂದಿನ ಸೀಟಿನ ಕಂಬಿಯ ಮೇಲೆ ಮೂರು ಸಲ ತಟ್ಟಿ ನೆಮ್ಮದಿಯಿಂದ ನನಗೆ ಒರಗಿದಳು. ನಾನು ಹೇಳಿದ್ದು ಶುದ್ಧ ಸುಳ್ಳು. ಮಹಾನಂದಾ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಸುಳ್ಳಿಗೆ ಹಲ್ಲಿ ಹೇಗೆ ನುಡಿಯಿತು? ಅದೂ ಓಡುವ ಬಸ್ಸಿನಲ್ಲಿ? ಯಾವುದೋ ತಗಡು ಸಡಿಲಾಗಿ ಸದ್ದು ಮಾಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಭಾಗ್ಯಜ್ಯೋತಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸುಲೇಪೇಟದಿಂದ ಆಟೋದಲ್ಲಿ ಹೋದೆವು. ಹಳ್ಳದ ಮೇಲೆ ಈಗ ಸೇತುವೆ ಆಗಿದೆ. ನಾನು ಆ ಕಡೆ ನೋಡಲಿಲ್ಲ.

ಮುದುಕಿ ಸತ್ತು ಎಷ್ಟೋ ಕಾಲವಾಗಿತ್ತು. ಅವಳ ಸೊಸೆ ಹಣಮವ್ವ ಈಗ ಬರೆ ಹಾಕುತ್ತಾಳೆ. ಅಂದು ಹೊಸ ಸೊಸೆಯಾಗಿ ಊದುಗೊಳವೆ ಹಿಡಿದು ಬೆಂಕಿ ಊದುತ್ತಿದ್ದವಳು ಇವಳೇ. ಅಂಗಳ ಗುರುತೇ ಸಿಗಲಿಲ್ಲ. ಬೇವಿನ ಮರ ಕಡಿದಿದ್ದರು. ಗೋಡೆ ಬಿದ್ದು ಬಯಲಾಗಿತ್ತು, ಹೊಸ ಮನೆಯನ್ನು ದೂರ ಹಿಂದೆ ಕಟ್ಟಿದ್ದರು. ನಡುವೆ ಮೂರು ಕಲ್ಲಿನ ಒಲೆ, ಅದರಲ್ಲಿ ಕಡ್ಡಿ. ಅಂದಿನದೇ ಕಡ್ಡಿ, ತುದಿ ಮಾತ್ರ ಸವೆದು ಗಿಡ್ಡವಾಗಿತ್ತು.

ಹಣಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. 'ಯಾರ ಮನಿಯಾಕಿ? ಗುರುಬಾಯಿ ಮಗಳಲ್ಲೇನು ನೀ?'

'ಹೌದವ್ವಾ. ಚಂದಮ್ಮ.'

ಅವಳು ಬಸ್ಸಿಯ ಹೆಗಲು ಹಾರುವುದನ್ನು ಎರಡು ಸಲ ನೋಡಿದಳು. 'ನಿಮ್ಮ ಮನಿತನಕ್ಕ ಇದು ಬಿಡಂಗಿಲ್ಲ ನೋಡು,' ಎಂದಳು, ಬೆಳೆಯ ವಿಚಾರ ಮಾತಾಡುವಂತೆ. 'ನಿಮ್ಮವ್ವನ ಅಣ್ಣಗ ಕುತ್ತಿಗಿ ಹಾರ್ತಿತ್ತು, ಅವಗ ನಮ್ಮತ್ತಿ ಹಾಕಿದ್ಳು. ಅವನ ಮಗಗೂ ಹಾಕಿದ್ಳು. ನಿನ್ನ ತಂಗಿಗಿ ಇಲ್ಲೇ, ಇದ ಜಾಗಾದಾಗ. ಈಗ ಮೊಮ್ಮಗಳು. ಬರ್ತೀರಿ, ಬರ್ತಾನೇ ಇರ್ತೀರಿ.'

ಭಾಗ್ಯಜ್ಯೋತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. 'ತಂಗಿ?' ಎಂದಳು. 'ನಮ್ಮ ಕಡಿ ಯಾರಿಗಿ ಇಲ್ಲ ಅಂದ್ರಲ್ರಿ ಅತ್ತಿ. ಮದುವಿಯಾಗಿ ಒಂಬತ್ತು ವರ್ಷ ಎಲ್ಲಾದಕ್ಕೂ ನಮ್ಮ ತವರಿಗಿ ಅಂದ್ರಿ, ಇದಕ್ಕೂ ಅಂದ್ರಿ.'

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ನನ್ನ ನಾಚಿಕೆ ಯಾವಾಗಲೂ ಸಿಟ್ಟಾಗಿಯೇ ಹೊರಬರುವುದು. 'ಹಳೀ ಮಾತು ಯಾಕ ತೆಗೀತಿ? ನಿನ್ನ ಕೆಲಸ ನೋಡು,' ಎಂದು ಹಣಮವ್ವನ ಮೇಲೆ ಹಾರಿದೆ.

ಅವಳು ಕಡ್ಡಿಯನ್ನು ಬೆಂಕಿಯಲ್ಲಿ ಹೊರಳಿಸಿದಳು. ತುದಿ ಕೆಂಪಗಾಗಿ ಹಳದಿಗೆ ತಿರುಗುತ್ತಿತ್ತು. ಕೆಂಡದ ಬಿಸಿ ಮುಖಕ್ಕೆ ಹೊಡೆದಾಗ ಬಸ್ಸಿಗೆ ಬರೆ ಎಂದರೆ ಏನೆಂದು ಅರ್ಥವಾಯಿತು. ಕೂಗಲಿಲ್ಲ. ತಾಯಿಯ ಸೊಂಟಕ್ಕೆ ಎರಡೂ ತೋಳು ಬಿಗಿದು ಕಣ್ಣು ಮುಚ್ಚಿದಳು. ಹೆಗಲು ಮಾತ್ರ ಹಾರುತ್ತಲೇ ಇತ್ತು. ಹಣಮವ್ವ ಎಡಗೈಯಿಂದ ಅವಳ ಜಡೆಯನ್ನು ಸರಿಸಿ ಕತ್ತು ಬರಿದು ಮಾಡಿದಳು. ಎಷ್ಟು ಸಣ್ಣ ಕತ್ತು! ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿದ್ದೆ.

'ಹಾಕ್ಲೇನು?' ಎಂದು ಹಣಮವ್ವ ನನ್ನನ್ನು ಕೇಳಿದಳು.

'ಹಾಕು,' ಎಂದೆ.

'ಲೊಚ್.'

ಹಣಮವ್ವ ನೆಲ ತಟ್ಟಿದಳು. 'ಹಲ್ಲಿ ನುಡೀತು. ಖರೇ ಅದ.'

ನಾನು ರೂಢಿಯಂತೆ ತಲೆ ಎತ್ತಿ ಹಲ್ಲಿಯನ್ನು ಹುಡುಕಿದೆ. ಮರವಿಲ್ಲ. ಗೋಡೆಯಿಲ್ಲ. ಮೇಲೆ ಬಿಸಿಲಿನ ಆಕಾಶ, ಸುತ್ತ ತೊಗರಿಯ ಹೊಲ. ಹಲ್ಲಿ ಇರುವುದಕ್ಕೆ ಒಂದು ಗೇಣು ಜಾಗವಿರಲಿಲ್ಲ.

ಬಸ್ಸಿ ಕಣ್ಣು ತೆರೆದಳು. ಅಳುತ್ತಲೇ ಹೇಳಿದಳು: 'ಹಲ್ಲಿ ಅಲ್ಲ. ಆಯಿ ನುಡದಾಳ. ಯಾವಾಗ್ಲೂ ಆಯಿನೇ ನುಡೀತಾಳ.'

'ಏನಂದಿ?'

'ಮದುವಿಯಾದ ಮರುದಿನಾನೇ ಗೊತ್ತಾಗಿತ್ತು ನನಗ,' ಎಂದಳು ಭಾಗ್ಯಜ್ಯೋತಿ. 'ನಿಮ್ಮ ಮಗನಿಗೂ ಗೊತ್ತದ. ನಿಮ್ಮ ಸಿಟ್ಟಿಗಿ ಅಂಜಿ ಎಲ್ಲಾರೂ ನೆಲ ತಟ್ಟತೀವ್ರಿ. ನಾಲಿಗಿ ನಿಮ್ಮದು, ಹಲ್ಲಿ ಎಲ್ಲಿಂದ ಬರಬೇಕು?'

ಸುಳ್ಳು ಎಂದು ಕೂಗಲು ಬಾಯಿ ತೆರೆದೆ. ಆಗ ಮೊದಲ ಸಲ ಅದು ನನಗೆ ತಿಳಿಯಿತು. ನಾಲಿಗೆಯ ಬುಡದಲ್ಲಿ ಸಣ್ಣದೊಂದು ನವೆ, ಸೀನು ಬರುವ ಮುಂಚೆ ಮೂಗಿನಲ್ಲಿ ಆಗುವಂಥದು. ನಾಲಿಗೆ ತಾನಾಗಿ ಮೇಲಕ್ಕೆ ಅಂಟಿ, ತಾನಾಗಿ ಬಿಟ್ಟುಕೊಂಡಿತು. ಲೊಚ್. ಐವತ್ತು ವರ್ಷ ನನ್ನ ಬಾಯಲ್ಲೇ ಇದ್ದದ್ದನ್ನು ನಾನು ಗೋಡೆಗಳ ಮೇಲೆ ಹುಡುಕಿದ್ದೆ. ಅತ್ತೆಯ ನಗು, ನಗ್ಮಾ ನುಂಗಿಕೊಂಡ ಮಾತು, ಅಶೋಕ ತಗ್ಗಿಸಿದ ತಲೆ ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಅವ್ವನ ಮನೆಯ ಹಲ್ಲಿಯೂ ಅವ್ವನೇ ಇದ್ದಿರಬೇಕು. ಅವಳಿಂದ ನನಗೆ ಬಂದಿರಬೇಕು.

ಹಾಗಾದರೆ ಅಂದು, ಇದೇ ಅಂಗಳದಲ್ಲಿ, ನುಡಿದದ್ದು ಯಾರು? ಅವ್ವನಲ್ಲವೇ ಎಂದು ಮನಸ್ಸು ಗಬಕ್ಕನೆ ಅವ್ವನನ್ನು ಹಿಡಿದುಕೊಂಡಿತು. ಆದರೆ ಅವ್ವನ ಬಾಯಲ್ಲಿ ಸೆರಗು ತುಂಬಿತ್ತು. ಅವಳಿಂದ ಉಸಿರು ಸಹ ಹೊರಗೆ ಬರುತ್ತಿರಲಿಲ್ಲ. ಮಹಾನಂದಾಳ ಬಾಯಿ ಮಣ್ಣಿನಲ್ಲಿತ್ತು, ಬೆಂಕಿ ಊದುತ್ತಿದ್ದ ಹಣಮವ್ವನ ಬಾಯಿ ಕೊಳವೆಯಲ್ಲಿತ್ತು. ಕಾಲು ಹಿಡಿದು ಕುಳಿತ ಹನ್ನೆರಡು ವರ್ಷದ ಹುಡುಗಿ ಒಬ್ಬಳೇ ಉಳಿದದ್ದು. ಅವ್ವ ಹೂಂ ಅನ್ನಲಿಲ್ಲ. ಅವಳಿಗೆ ಇನ್ನೊಂದು ಗಳಿಗೆ ಸಿಕ್ಕಿದ್ದರೆ ಬೇಡ ಅನ್ನುತ್ತಿದ್ದಳೋ ಏನೋ. ಆ ಗಳಿಗೆಯನ್ನು ನಾನು ಕೊಡಲಿಲ್ಲ. ಮಹಾನಂದಾ ಹೋದದ್ದು ನೀರಿನಿಂದಲ್ಲ. ನನ್ನ ತಂಗಿಯನ್ನು ಸುಡಿಸಿದ್ದು ನನ್ನ ನಾಲಿಗೆ.

ಹಣಮವ್ವ ಕಡ್ಡಿ ಎತ್ತಿದ್ದಳು.

'ಬ್ಯಾಡ!' ಎಂದೆ.

'ಹಲ್ಲಿ ನುಡದ ಮ್ಯಾಲ ತಿರಗಸಬಾರದು ಚಂದಮ್ಮಾ,' ಎಂದಳು ಹಣಮವ್ವ. ಕಡ್ಡಿ ಬಸ್ಸಿಯ ಕತ್ತಿನಿಂದ ಒಂದು ಗೇಣು ದೂರದಲ್ಲಿತ್ತು. 'ಕೆಟ್ಟದಾಗ್ತದ. ನಿನಗ ಗೊತ್ತಿಲ್ಲೇನು?'

'ಅದು ಹಲ್ಲಿ ಅಲ್ಲ, ನಾನು! ಬ್ಯಾಡಂದ್ರ ಬ್ಯಾಡ!'

'ಲೊಚ್.'

ಹಣಮವ್ವನ ಕೈ ಗಾಳಿಯಲ್ಲೇ ನಿಂತಿತು. ಬ್ಯಾಡ ಎಂದದ್ದಕ್ಕೂ ಅದೇ ನುಡಿ ಬಂದಿತ್ತಲ್ಲ. ಅವಳು ನನ್ನ ತುಟಿಗಳನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಭಾಗ್ಯಜ್ಯೋತಿ ಮಗುವನ್ನು ಎತ್ತಿಕೊಂಡು ಅಂಗಳ ದಾಟಿ ಓಡಿದ್ದಳು. ಹಣಮವ್ವ ಕಡ್ಡಿಯನ್ನು ಬೂದಿಯಲ್ಲಿ ಚುಚ್ಚಿ ನೆಲಕ್ಕೆ ಉಗುಳಿದಳು. 'ಹೋಗು. ಇವತ್ತ ಹೋಗು,' ಎಂದಳು. 'ಇವಳ ಮಕ್ಕಳನ್ನ ತರ್ತೀರಿ. ನನ್ನ ಸೊಸಿ ಇರ್ತಾಳ.'

ಅದೇ ಆಟೋದಲ್ಲಿ ಹಿಂದಿರುಗಿದೆವು. ಸುಲೇಪೇಟದಲ್ಲಿ ಸೇಡಂ ಬಸ್ಸು ಹತ್ತಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು, ಬಸ್ಸಿ ನಡುವೆ. ಅವಳ ತುಟಿಗಳು ಒಣಗಿ ಬಿರಿದಿದ್ದವು. ನಾನು ಚೀಲದ ತಳದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟೆ. ಅರ್ಧ ನೀರು ಅವಳ ಲಂಗದ ಮೇಲೆ ಚೆಲ್ಲಿತು. ಉಳಿದದ್ದನ್ನು ಗಟಗಟ ಕುಡಿದಳು. ಭಾಗ್ಯಜ್ಯೋತಿ ನೋಡುತ್ತಿದ್ದಳು. ಅವಳ ಕಾಲು ಹಿಡಿಯಬೇಕೆನಿಸಿತು. ಕಾಲು ಎಂದ ಕೂಡಲೇ ಬೇವಿನ ಕೆಳಗೆ ಹಿಡಿದಿದ್ದ ಇನ್ನೊಂದು ಜೊತೆ ಕಾಲು ನೆನಪಾಗಿ ಕೈ ಹಿಂದೆ ಬಂತು.

ಬಸ್ಸು ಊರು ದಾಟಿದ ಮೇಲೆ ಬಸ್ಸಿ ನನ್ನ ಸೆರಗು ಜಗ್ಗಿದಳು.

'ಆಯಿ, ನಿನ್ನ ತಂಗಿಗಿ ಬರಿ ಹಾಕ್ರಿ ಅಂತ ಯಾರು ಹೇಳಿದ್ರು?'

ಹಲ್ಲಿ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಐವತ್ತು ವರ್ಷದ ರೂಢಿ. ಬಸ್ಸಿ ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸುತ್ತ.

'ನಾ ಹೇಳಿದ್ನವ್ವಾ,' ಎಂದೆ.

ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬರುವವರೆಗೂ ಹಿಡಿದೆ. ಆಗಲಿಲ್ಲ.

'ಲೊಚ್.'

ಬಸ್ಸಿಯ ಹೆಗಲು ಕಿವಿಯವರೆಗೆ ಹಾರಿ ಇಳಿಯಿತು. ಆಮೇಲೆ ಅವಳು ನಾನು ಕಲಿಸಿದಂತೆಯೇ ಬೆರಳು ಮಡಚಿ, ಮುಂದಿನ ಸೀಟಿನ ಕಂಬಿಯ ಮೇಲೆ ಮೂರು ಸಲ ತಟ್ಟಿದಳು.

'ಖರೇ ಅದ, ಶಿವಾ,' ಎಂದಳು.